ನಾವು ಉಸಿರಾಡುವ ಎರಡು ಮೀಟರ್ ಗಾಳಿ ಹವಾಮಾನ ಮಾಡೆಲ್‌ಗಳಿಗೆ ಯಾಕಿಷ್ಟು ಕಷ್ಟ?

ಹೋದ ಏಪ್ರಿಲ್‌ನಲ್ಲಿ ಒಂದು ರಾತ್ರಿ ಸಿಂಧನೂರಿನಿಂದ ಅವ್ವ ಫೋನ್ ಮಾಡಿದ್ದಳು. ಹತ್ತೂವರೆ ದಾಟಿತ್ತು. ಮಾಳಿಗೆ ಮೇಲೆ ಹಾಸಿಕೊಂಡು ಮಲಗಿದರೂ ನಿದ್ದೆ ಬರ್ತಿಲ್ಲ ಅಂದಳು. "ಹಗಲು ಹೆಂಗರ ತಡಕೋಬೌದು, ರಾತ್ರೀದೇ ತಡಕೊಳ್ಳಾಕ ಆಗವಲ್ದು." ನಾನು ಬೆಂಗಳೂರಿನ ರೂಮಿನಲ್ಲಿ ಕೂತು ಮೊಬೈಲ್‌ನ ಆ್ಯಪ್ ತೆರೆದು ನೋಡಿದೆ. "ಇಪ್ಪತ್ತೊಂಬತ್ತು ಅಂತ ತೋರಿಸ್ತೈತಲ್ಲವ್ವ" ಎಂದೆ. "ಅದನ್ನ ಬರದಾಂವ ನಮ್ಮ ಮಾಳಿಗಿ ಮ್ಯಾಲ ಬಂದು ಮಲಗಿದ್ನೇನು?" ಎಂದಳು.

ನಕ್ಕು ಫೋನ್ ಇಟ್ಟೆ. ಆದರೆ ಪ್ರಶ್ನೆ ತಲೆಯಲ್ಲೇ ಉಳಿಯಿತು. ನಾನು ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. ನೀರು, ಗಾಳಿ ಹರಿಯುವ ಲೆಕ್ಕವನ್ನು ನಾಲ್ಕು ಸೆಮಿಸ್ಟರ್ ಮಾಡಿದ್ದೇನೆ. ಆ 29 ಅನ್ನುವ ಸಂಖ್ಯೆಯನ್ನು ನಿಜಕ್ಕೂ ಯಾರು, ಎಲ್ಲಿ ಕೂತು, ಹೇಗೆ ಬರೆದರು ಅಂತ ಹುಡುಕುತ್ತಾ ಹೋದಾಗ ಗೊತ್ತಾಗಿದ್ದನ್ನು ಇಲ್ಲಿ ಹೇಳುತ್ತೇನೆ. ಇದು ಆ್ಯಪ್‌ನ ಕಥೆ ಮಾತ್ರ ಆಗಿದ್ದರೆ ಬರೆಯುವ ಅಗತ್ಯ ಇರಲಿಲ್ಲ. ನಾಳಿನ ಹವಾಮಾನ ಹೇಳುವ ಮಾಡೆಲ್ ಮತ್ತು 2050ರಲ್ಲಿ ಭೂಮಿ ಎಷ್ಟು ಬಿಸಿಯಾಗುತ್ತೆ ಅಂತ ಹೇಳುವ ಜಾಗತಿಕ ಮಾಡೆಲ್, ಎರಡೂ ನೆಲಕ್ಕೆ ತಾಗಿದ ಗಾಳಿಯನ್ನು ಲೆಕ್ಕ ಹಾಕುವುದು ಹೆಚ್ಚುಕಡಿಮೆ ಒಂದೇ ಬಗೆಯ ಸೂತ್ರಗಳಿಂದ. ಆ ಸೂತ್ರಗಳು ಎಲ್ಲಿಂದ ಬಂದವು ಅನ್ನುವುದರಲ್ಲಿ ಒಂದಿಷ್ಟು ರಾಜಕೀಯವೂ ಇದೆ.

ಕರ್ನಾಟಕ ಅಂದರೆ ಹತ್ತೊಂಬತ್ತು ಚೌಕ

ಜಾಗತಿಕ ಹವಾಮಾನ ಮಾಡೆಲ್ ಭೂಮಿಯ ವಾತಾವರಣವನ್ನು ಪೆಟ್ಟಿಗೆಗಳಾಗಿ ಕತ್ತರಿಸುತ್ತದೆ. ಐಪಿಸಿಸಿಯ ಆರನೇ ವರದಿಗೆ ಬಳಸಿದ ಮಾಡೆಲ್‌ಗಳಲ್ಲಿ ಒಂದು ಪೆಟ್ಟಿಗೆಯ ಉದ್ದಗಲ ಸಾಮಾನ್ಯವಾಗಿ 100 ಕಿಲೋಮೀಟರ್ ಆಸುಪಾಸು. ಕರ್ನಾಟಕದ ವಿಸ್ತೀರ್ಣ 1,91,791 ಚದರ ಕಿ.ಮೀ. ಅಂದರೆ ಇಡೀ ರಾಜ್ಯಕ್ಕೆ ಸುಮಾರು ಹತ್ತೊಂಬತ್ತು ಚೌಕ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆ, ಅಂದರೆ ಐಐಟಿಎಂ, ಆ ವರದಿಗೆ ಕೊಟ್ಟ ಭಾರತದ ಮೊದಲ ಅರ್ಥ್ ಸಿಸ್ಟಮ್ ಮಾಡೆಲ್‌ನಲ್ಲಿ ವಾತಾವರಣದ ಚೌಕ ಸುಮಾರು 200 ಕಿ.ಮೀ. ಅದರಲ್ಲಿ ನಮ್ಮ ರಾಜ್ಯಕ್ಕೆ ಸಿಗೋದು ಐದು ಚೌಕ. ಆಗುಂಬೆಯ ಮಳೆಕಾಡು, ತೀರ್ಥಹಳ್ಳಿಯ ಅಡಿಕೆ ತೋಟ, ಉಡುಪಿಯ ಕಡಲು ಒಂದೇ ಪೆಟ್ಟಿಗೆಯೊಳಗೆ ಬಂದುಬಿಡಬಹುದು.

ಪ್ರತಿ ಪೆಟ್ಟಿಗೆಗೂ ಒಂದು ಉಷ್ಣಾಂಶ, ಒಂದು ತೇವಾಂಶ, ಒಂದು ಗಾಳಿಯ ವೇಗ. ಇದು ತಲಾದಾಯದ ಲೆಕ್ಕ ಇದ್ದ ಹಾಗೆ. ರಾಜ್ಯದ ತಲಾದಾಯ ನೋಡಿ ದೇವದುರ್ಗದ ಕೂಲಿಯವರ ಬದುಕು ಹೇಳೋಕೆ ಆಗುತ್ತಾ? ಸರಾಸರಿ ಸುಳ್ಳಲ್ಲ. ಆದರೆ ಸರಾಸರಿಯೊಳಗೆ ಯಾರೂ ವಾಸಿಸುವುದಿಲ್ಲ.

ಇದು ಅಡ್ಡಗಲದ ಮಾತಾಯಿತು. ಎತ್ತರದ ದಿಕ್ಕಿನಲ್ಲಿ ಸಮಸ್ಯೆ ಇನ್ನೂ ಸೂಕ್ಷ್ಮ. ವಾತಾವರಣವನ್ನು ಮೇಲಿನಿಂದ ಕೆಳಗೆ ಹಲವು ಪದರಗಳಾಗಿಯೂ ಸೀಳಿರುತ್ತಾರೆ. ಹಲವು ಮಾಡೆಲ್‌ಗಳಲ್ಲಿ ಅತ್ಯಂತ ಕೆಳಗಿನ ಪದರದ ನಡುಮಟ್ಟವೇ ನೆಲದಿಂದ ಹತ್ತಾರು ಮೀಟರ್ ಮೇಲಿರುತ್ತದೆ. ಮಾಡೆಲ್ ಉಷ್ಣಾಂಶದ ಸಮೀಕರಣ ಬಿಡಿಸುವುದು ಆ ಎತ್ತರದಲ್ಲಿ. ಆದರೆ ಹವಾಮಾನ ಕೇಂದ್ರದ ಬಿಳಿ ಪೆಟ್ಟಿಗೆಯೊಳಗಿನ ತಾಪಮಾಪಕ ಇರುವುದು ಎಲ್ಲಿ? ವಿಶ್ವ ಹವಾಮಾನ ಸಂಸ್ಥೆಯ ನಿಯಮದಂತೆ ನೆಲದಿಂದ 1.25ರಿಂದ 2 ಮೀಟರ್ ಎತ್ತರದಲ್ಲಿ. ನಮ್ಮ ಮೂಗು, ಬಾಯಿ, ಬೆವರು ಇರುವ ಎತ್ತರವೂ ಅದೇ.

ಹಾಗಾದರೆ ಮಾಡೆಲ್ ಕೊಡುವ "2 ಮೀಟರ್ ಉಷ್ಣಾಂಶ" ಎಲ್ಲಿಂದ ಬರುತ್ತೆ? ಕೆಳಗೆ ನೆಲದ ಉಷ್ಣಾಂಶ ಗೊತ್ತು, ಮೇಲೆ ಮೊದಲ ಪದರದ ಉಷ್ಣಾಂಶ ಗೊತ್ತು. ನಡುವಿನದನ್ನು ಒಂದು ಸೂತ್ರದಿಂದ ತುಂಬುತ್ತಾರೆ. ಬಿಸಿಗಾಳಿಯ ಎಚ್ಚರಿಕೆಯಾಗಲಿ, 1.5 ಡಿಗ್ರಿಯ ಚರ್ಚೆಯಾಗಲಿ, ನಾವು ಓದುವ ಬಹುತೇಕ ಎಲ್ಲ ಭವಿಷ್ಯದ ಉಷ್ಣಾಂಶಗಳೂ ಹೀಗೆ ತುಂಬಿದವು. ತುಂಬುವುದರಲ್ಲಿ ತಪ್ಪಿಲ್ಲ. ತುಂಬುವ ಸೂತ್ರ ಎಷ್ಟು ಗಟ್ಟಿ ಅನ್ನೋದು ಪ್ರಶ್ನೆ.

ಹಗಲು ಕುದಿಯುವ ಪಾತ್ರೆ, ರಾತ್ರಿ ಮುಚ್ಚಿದ ಮುಚ್ಚಳ

ನೆಲದ ಪ್ರಭಾವಕ್ಕೆ ನೇರವಾಗಿ ಸಿಗುವ ಗಾಳಿಯ ಭಾಗಕ್ಕೆ ಗಡಿಪದರ ಅನ್ನುತ್ತಾರೆ. ಇದರ ದಪ್ಪ ದಿನವಿಡೀ ಒಂದೇ ಇರಲ್ಲ.

ಬೆಳಗ್ಗೆ ಬಿಸಿಲು ಬಿದ್ದು ನೆಲ ಕಾಯುತ್ತದೆ. ನೆಲಕ್ಕೆ ತಾಗಿದ ಗಾಳಿ ಬಿಸಿಯಾಗಿ ಹಗುರಾಗಿ ಮೇಲೇಳುತ್ತದೆ, ತಣ್ಣಗಿನದು ಕೆಳಗಿಳಿಯುತ್ತದೆ. ಒಲೆಯ ಮೇಲೆ ಎಸರು ಕುದಿಯುವ ಹಾಗೆ ಸುಳಿಗಳು ಏಳುತ್ತವೆ. ಹದ್ದುಗಳು ರೆಕ್ಕೆ ಬಡಿಯದೆ ಸುತ್ತು ಹಾಕುತ್ತಾ ಮೇಲೇರುವುದು ಇಂಥ ಬಿಸಿಗಾಳಿಯ ಕಂಬಗಳ ಮೇಲೆಯೇ. ಮಧ್ಯಾಹ್ನದ ಹೊತ್ತಿಗೆ ಈ ಕಲಕಾಟ ಒಂದೆರಡು ಕಿ.ಮೀ. ಎತ್ತರಕ್ಕೆ ಹೋಗುತ್ತದೆ. ಒಣ ಬೇಸಿಗೆಯಲ್ಲಿ ಅದಕ್ಕಿಂತ ಹೆಚ್ಚು.

ಸೂರ್ಯ ಮುಳುಗಿದ ಮೇಲೆ ಉಲ್ಟಾ. ನೆಲ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟು ತಣ್ಣಗಾಗುತ್ತದೆ. ಕೆಳಗೆ ತಣ್ಣನೆ ಭಾರದ ಗಾಳಿ, ಮೇಲೆ ಬೆಚ್ಚನೆ ಹಗುರ ಗಾಳಿ. ಭಾರವಾದದ್ದು ಕೆಳಗೇ ಇದ್ದರೆ ಕಲಕಲು ಕಾರಣ ಏನಿದೆ? ಸುಳಿಗಳು ಸಾಯುತ್ತವೆ. ಗಡಿಪದರ ನೂರಿನ್ನೂರು ಮೀಟರ್‌ಗೆ ಕುಸಿಯುತ್ತದೆ. ಚಳಿಗಾಲದಲ್ಲಿ ದೆಹಲಿಯ ಹೊಗೆ ರಾತ್ರಿ, ಮುಂಜಾನೆ ನೆಲಕ್ಕೆ ಅಂಟಿಕೊಂಡು ಕೂರುವುದಕ್ಕೆ ಈ ಮುಚ್ಚಳ ಒಂದು ದೊಡ್ಡ ಕಾರಣ.

ಇಲ್ಲಿ ಹವಾಮಾನ ಬದಲಾವಣೆಗೆ ಸಂಬಂಧಿಸಿದ ಒಂದು ಮುಖ್ಯ ವಿಷಯ ಇದೆ. ಒಂದು ಚೊಂಬು ನೀರಿಗೂ ಒಂದು ಹಂಡೆ ನೀರಿಗೂ ಅಷ್ಟೇ ಸೌದೆ ಉರಿಸಿದರೆ ಯಾವುದು ಬೇಗ ಕಾಯುತ್ತೆ? ಚೊಂಬು. ಕಾರ್ಬನ್ ಡೈಆಕ್ಸೈಡ್ ಸೇರಿಸುವ ಹೆಚ್ಚುವರಿ ಶಾಖ ಹಗಲು ಎರಡು ಕಿ.ಮೀ. ದಪ್ಪದ ಗಾಳಿಯಲ್ಲಿ ಹರಡಿಹೋಗುತ್ತದೆ. ರಾತ್ರಿ ಅದೇ ಶಾಖ ತೆಳ್ಳನೆ ಪದರದಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ದಶಕದಿಂದ ದಶಕಕ್ಕೆ, ದೇಶದಿಂದ ದೇಶಕ್ಕೆ ವ್ಯತ್ಯಾಸ ಇದ್ದರೂ, ಕಳೆದ ಶತಮಾನದ ನಡುಭಾಗದಿಂದ ಈಚೆಗೆ ಒಟ್ಟಾರೆ ಭೂಭಾಗದ ಮೇಲೆ ರಾತ್ರಿಯ ಕನಿಷ್ಠ ಉಷ್ಣಾಂಶ ಹಗಲಿನ ಗರಿಷ್ಠಕ್ಕಿಂತ ಹೆಚ್ಚು ಏರಿದೆ. ಮೋಡ, ತೇವಾಂಶ, ಭೂಬಳಕೆ ಎಲ್ಲದರ ಪಾಲೂ ಇದರಲ್ಲಿದೆ. ಗಡಿಪದರದ ದಪ್ಪ ಅವುಗಳಲ್ಲೊಂದು.

ಹಾಗಾಗಿ "ರಾತ್ರೀದೇ ತಡಕೊಳ್ಳಾಕ ಆಗವಲ್ದು" ಅನ್ನುವ ಮಾತಿಗೆ ಮಾಡೆಲ್‌ನಿಂದ ಉತ್ತರ ಬೇಕಿದ್ದರೆ, ಅದು ಈ ತೆಳು ಪದರವನ್ನು ಸರಿಯಾಗಿ ಹಿಡಿಯಬೇಕು. ಮಾಡೆಲ್‌ಗಳು ಎಡವುವುದೂ ಅಲ್ಲೇ.

ಗಾಳಿ ಸೊನ್ನೆಯಾದರೆ ಲೆಕ್ಕವೂ ಸೊನ್ನೆ

ಸುಳಿಗಳ ಗಾತ್ರ ಕೆಲವು ಮಿಲಿಮೀಟರ್‌ನಿಂದ ಒಂದೆರಡು ಕಿ.ಮೀ.ವರೆಗೆ. ಪೆಟ್ಟಿಗೆ 100 ಕಿ.ಮೀ. ಇರುವಾಗ ಒಂದೂ ಸುಳಿ ಮಾಡೆಲ್‌ಗೆ ಕಾಣುವುದಿಲ್ಲ. 2025ರ ಮೇ ತಿಂಗಳಲ್ಲಿ ಶುರುವಾದ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್‌ನ ಚೌಕ 6 ಕಿ.ಮೀ. ಅದಕ್ಕೂ ಕಾಣುವುದಿಲ್ಲ. ಆದರೆ ನೆಲದಿಂದ ಗಾಳಿಗೆ ಶಾಖ, ನೀರಾವಿ ಹೊತ್ತೊಯ್ಯುವುದು ಅವೇ ಸುಳಿಗಳು. ಕಾಣದಿದ್ದರೂ ಅವುಗಳ ಪರಿಣಾಮವನ್ನು ಲೆಕ್ಕಕ್ಕೆ ತರಲೇಬೇಕು. ಅದಕ್ಕೆ ಬಳಸುವ ಸೂತ್ರದ ತಿರುಳು ಸರಳ: ನೆಲದಿಂದ ಮೇಲಕ್ಕೆ ಹೋಗುವ ಶಾಖ ಅಂದರೆ ಗಾಳಿಯ ವೇಗ, ನೆಲ ಮತ್ತು ಗಾಳಿಯ ಉಷ್ಣಾಂಶಗಳ ನಡುವಿನ ಅಂತರ, ಮತ್ತೆ ಒಂದು ಗುಣಾಂಕ. ಮೂರನ್ನೂ ಗುಣಿಸಿದರೆ ಬರುವ ಮೊತ್ತ.

ಆ ಗುಣಾಂಕ ಎಷ್ಟು ಅಂತ ಹೇಳುವ ಸಿದ್ಧಾಂತ ಕೊಟ್ಟವರು ಸೋವಿಯತ್ ವಿಜ್ಞಾನಿಗಳಾದ ಆಂದ್ರೇ ಮೋನಿನ್ ಮತ್ತು ಅಲೆಕ್ಸಾಂಡರ್ ಒಬುಖೋವ್, 1954ರಲ್ಲಿ. ಅದು ಅದ್ಭುತವಾದ ಸಿದ್ಧಾಂತ. ಇವತ್ತಿಗೂ ಹೆಚ್ಚುಕಡಿಮೆ ಎಲ್ಲ ಮಾಡೆಲ್‌ಗಳ ಬುನಾದಿ ಅದೇ. ಆದರೆ ಸಿದ್ಧಾಂತ ಆಕಾರ ಮಾತ್ರ ಕೊಡುತ್ತೆ, ಅದರೊಳಗಿನ ಅಂಕಿಗಳನ್ನು ಹೊಲದಲ್ಲಿ ನಿಂತು ಅಳೆಯಬೇಕು. ಅಳೆದ ಪ್ರಯೋಗಗಳಲ್ಲಿ ಅತ್ಯಂತ ಪ್ರಸಿದ್ಧವಾದದ್ದು 1968ರ ಬೇಸಿಗೆಯಲ್ಲಿ ಅಮೆರಿಕದ ಕಾನ್ಸಾಸ್‌ನಲ್ಲಿ ನಡೆಯಿತು. ಅಮೆರಿಕದ ವಾಯುಪಡೆಯ ಸಂಶೋಧನಾಲಯದವರು ಕೊಯ್ಲಾದ ಗೋಧಿ ಹೊಲದಲ್ಲಿ 32 ಮೀಟರ್ ಎತ್ತರದ ಕಂಬ ನೆಟ್ಟು ಅಳೆದರು. ಎತ್ತ ನೋಡಿದರೂ ಚಪ್ಪಟೆ ನೆಲ, ಬೀಸುವ ಗಾಳಿ. ಅಲ್ಲಿಂದ ಬಂದ ಅಂಕಿಗಳನ್ನು ಆಧರಿಸಿದ ಸೂತ್ರ 1971ರಲ್ಲಿ ಪ್ರಕಟವಾಯಿತು. ಮುಂದೆ ಜಗತ್ತಿನ ಎಷ್ಟೋ ಮಾಡೆಲ್‌ಗಳೊಳಗೆ ಅದು, ಅಥವಾ ಅದರ ತಮ್ಮಂದಿರು, ಸೇರಿಕೊಂಡವು.

ಯಾರದ್ದೂ ಕುತಂತ್ರ ಇದರಲ್ಲಿಲ್ಲ. ಮೊದಲ ಸಲ ಅಳೆಯುವವರು ಸುಲಭವಾದ ಜಾಗವನ್ನೇ ಹುಡುಕುತ್ತಾರೆ. ಆದರೂ ಯಾವ ದೇಶದ ಬಳಿ ದುಡ್ಡು, ಉಪಕರಣ ಇತ್ತೋ ಆ ದೇಶದ ಗಾಳಿ ಮೊದಲು ಲೆಕ್ಕಕ್ಕೆ ಸಿಕ್ಕಿತು. ನಮ್ಮದು ಸಿಗಲಿಲ್ಲ.

ನಮ್ಮ ಗಾಳಿಯಲ್ಲಿ ಏನು ಬೇರೆ? ಒಂದು, ನಮ್ಮಲ್ಲಿ ಗಾಳಿ ಬಹಳ ಹೊತ್ತು ಮೆಲ್ಲಗೆ ಬೀಸುತ್ತದೆ ಅಥವಾ ನಿಂತೇ ಬಿಡುತ್ತದೆ. ಮೇಲಿನ ಸೂತ್ರ ಮತ್ತೆ ನೋಡಿ. ಗಾಳಿಯ ವೇಗ ಸೊನ್ನೆ ಅಂದರೆ ಉತ್ತರವೂ ಸೊನ್ನೆ. ನೆಲ ಕಾದ ಹಂಚಿನಂತಿದ್ದರೂ ಶಾಖ ಮೇಲಕ್ಕೆ ಹೋಗುವುದೇ ಇಲ್ಲ ಅನ್ನುತ್ತೆ ಸೂತ್ರ. ಇದು ನಿಜವಲ್ಲ ಅಂತ ಮಧ್ಯಾಹ್ನದ ಡಾಂಬರು ರಸ್ತೆಯ ಮೇಲೆ ಗಾಳಿ ಥರಥರ ನಡುಗುವುದನ್ನು ನೋಡಿದ ಯಾರಿಗಾದರೂ ಗೊತ್ತು.

ಇಲ್ಲೊಂದು ಸರಾಸರಿಯ ಮೋಸವೂ ಇದೆ. ಪೆಟ್ಟಿಗೆಯ ಒಂದು ಮೂಲೆಯಲ್ಲಿ ಗಾಳಿ ಪೂರ್ವಕ್ಕೆ, ಇನ್ನೊಂದು ಮೂಲೆಯಲ್ಲಿ ಪಶ್ಚಿಮಕ್ಕೆ ಬೀಸುತ್ತಿದೆ ಅಂದುಕೊಳ್ಳಿ. ದಿಕ್ಕು ಸೇರಿಸಿ ಸರಾಸರಿ ತೆಗೆದರೆ ಸೊನ್ನೆ. ಆದರೆ ಎರಡೂ ಕಡೆ ಗಾಳಿ ಬೀಸುತ್ತಲೇ ಇದೆ, ಬೆವರು ಆರಿಸುತ್ತಲೇ ಇದೆ, ಕೆರೆಯ ನೀರು ಆವಿ ಮಾಡುತ್ತಲೇ ಇದೆ.

ಇಂಥ ಸಣ್ಣ ತಪ್ಪು ಎಷ್ಟು ದೊಡ್ಡದಾಗಬಹುದು ಅನ್ನುವುದಕ್ಕೆ ಒಂದು ನಿಜವಾದ ಉದಾಹರಣೆ ಇದೆ. ಯುರೋಪಿನ ಮಧ್ಯಮಾವಧಿ ಹವಾಮಾನ ಮುನ್ಸೂಚನಾ ಕೇಂದ್ರದ ಮೂವರು ವಿಜ್ಞಾನಿಗಳು ತಮ್ಮ ಮಾಡೆಲ್‌ನಲ್ಲಿ ಒಂದೇ ಒಂದು ಬದಲಾವಣೆ ಮಾಡಿ 1992ರಲ್ಲಿ ಫಲಿತಾಂಶ ಪ್ರಕಟಿಸಿದರು. ಉಷ್ಣವಲಯದ ಸಮುದ್ರಗಳ ಮೇಲೆ ಗಾಳಿ ಮಂದವಾಗಿದ್ದಾಗ ನೀರು ಎಷ್ಟು ಆವಿಯಾಗುತ್ತೆ ಅನ್ನುವುದನ್ನು ಸ್ವಲ್ಪ ಹೆಚ್ಚಿಸಿದರು, ಅಷ್ಟೇ. ಮಾಡೆಲ್‌ನ ಉಷ್ಣವಲಯದ ದೋಷಗಳು ಗಣನೀಯವಾಗಿ ತಗ್ಗಿದವು. ಭಾರತದ ಮುಂಗಾರಿನ ಚಿತ್ರಣವೂ ಸುಧಾರಿಸಿತು. ನೀರಿಗೆ ತಾಗಿದ ಕೆಲವೇ ಮೀಟರ್ ಗಾಳಿಯ ಸೂತ್ರ ತಿದ್ದಿದ್ದಕ್ಕೆ ಇಡೀ ಮುಂಗಾರೇ ಮಾಡೆಲ್‌ನೊಳಗೆ ಬೇರೆ ಥರ ಕಾಣತೊಡಗಿತು.

ಬೆಂಗಳೂರಿನವರು ಜೋಧಪುರದಲ್ಲಿ ಕಂಡದ್ದು

ಅದೇ ಹೊತ್ತಿಗೆ ನಮ್ಮ ದೇಶದಲ್ಲಿ ಮಾಂಟ್‌ಬ್ಲೆಕ್ಸ್ ಅನ್ನುವ ದೊಡ್ಡ ಪ್ರಯೋಗ ನಡೆದಿತ್ತು. 1990ರ ಮುಂಗಾರಿನಲ್ಲಿ, ಮಳೆಯ ಕಡಿಮೆ ಒತ್ತಡದ ಪಟ್ಟಿ ಹಾದುಹೋಗುವ ದಾರಿಯುದ್ದಕ್ಕೂ ಜೋಧಪುರ, ದೆಹಲಿ, ವಾರಾಣಸಿ, ಖರಗ್‌ಪುರಗಳಲ್ಲಿ 30 ಮೀಟರ್ ಎತ್ತರದ ಕಂಬಗಳನ್ನು ನಿಲ್ಲಿಸಿದರು. ಪಶ್ಚಿಮದ ಒಣ ಮರುಭೂಮಿಯಿಂದ ಪೂರ್ವದ ತೇವದ ನೆಲದವರೆಗೆ ಗಾಳಿ, ಉಷ್ಣಾಂಶ, ತೇವ ಅಳೆದರು. ಹಲವು ಸಂಸ್ಥೆಗಳು ಸೇರಿ ಮಾಡಿದ ಈ ಕೆಲಸದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯದ್ದು ಮುಖ್ಯ ಪಾತ್ರ. ಅದರ ಹಿಂದಿದ್ದ ದೊಡ್ಡ ಹೆಸರು ರೊದ್ದಂ ನರಸಿಂಹ. 1933ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ವಿಮಾನದ ರೆಕ್ಕೆಯ ಮೇಲಿನ ಹರಿವನ್ನು ಅಧ್ಯಯನ ಮಾಡುತ್ತಿದ್ದವರು, ಮುಂಗಾರಿನ ಗಾಳಿಯನ್ನೂ ಅದೇ ಕಣ್ಣಿನಿಂದ ನೋಡಿದರು. 2020ರಲ್ಲಿ ತೀರಿಕೊಂಡರು.

ಜೋಧಪುರದ ಕಂಬದ ಅಂಕಿಗಳಲ್ಲಿ ಅವರೂ ಅವರ ಸಹೋದ್ಯೋಗಿಗಳೂ ಕಂಡದ್ದೇನೆಂದರೆ, ಗಾಳಿ ಮಂದವಾದಾಗ ಹಳೆಯ ನಿಯಮ ನಡೆಯುವುದಿಲ್ಲ. ಕಾದ ನೆಲದ ಮೇಲೆ ಗಾಳಿ ಮೆಲ್ಲಗಿದ್ದಾಗ ಮೇಲಕ್ಕೆ ಹೋಗುವ ಶಾಖ ಗಾಳಿಯ ವೇಗವನ್ನು ಹೆಚ್ಚುಕಡಿಮೆ ಲೆಕ್ಕಿಸುವುದೇ ಇಲ್ಲ. ವೇಗ ಕಡಿಮೆಯಾದಂತೆ ಸೂತ್ರದ ಗುಣಾಂಕ ಸ್ಥಿರವಾಗಿರದೆ ಜೋರಾಗಿ ಏರುತ್ತಾ ಹೋಗುತ್ತದೆ. ಇದನ್ನು ಅವರು ಒಂದು ಪ್ರತ್ಯೇಕ ಸ್ಥಿತಿ ಎಂದು ಗುರುತಿಸಿ, ಅದಕ್ಕೆ ಬೇರೆಯದೇ ಲೆಕ್ಕ ಬೇಕು ಎಂದು ವಾದಿಸಿದರು. ಅಳೆದದ್ದು 1990ರಲ್ಲಿ. ಆ ವಾದದ ಪೂರ್ಣರೂಪ ಪ್ರಕಟವಾದದ್ದು 2006ರಲ್ಲಿ. ಅಳತೆ ಒಂದು ಮುಂಗಾರಿನದ್ದಾದರೂ ಅದನ್ನು ಜೀರ್ಣಿಸಿಕೊಳ್ಳುವುದಕ್ಕೆ ಹದಿನಾರು ವರ್ಷ ಹಿಡಿಯಿತು. ವಿಜ್ಞಾನಕ್ಕೆ ದುಡ್ಡು ಕೊಡುವವರು ಮೂರು ವರ್ಷದ ಪ್ರಾಜೆಕ್ಟ್ ರಿಪೋರ್ಟ್ ಕೇಳುವಾಗ ನನಗೆ ಇದು ನೆನಪಾಗುತ್ತದೆ.

ಇವತ್ತಿನ ಬಹುತೇಕ ಮಾಡೆಲ್‌ಗಳಲ್ಲಿ ಈ ಸೊನ್ನೆಯ ಸಮಸ್ಯೆಗೆ ಒಂದಲ್ಲ ಒಂದು ತೇಪೆ ಇದೆ. ಸರಾಸರಿ ಗಾಳಿ ನಿಂತಿದ್ದರೂ ಸುಳಿಗಳಿಂದ ಏಳುವ ಒಂದು ಕನಿಷ್ಠ ಗಾಳಿಯನ್ನು ಸೇರಿಸುತ್ತಾರೆ. ತೇಪೆ ಕೆಲಸ ಮಾಡುತ್ತೆ. ಆದರೆ ಎಷ್ಟು ಸೇರಿಸಬೇಕು ಅನ್ನೋದು ಮತ್ತೆ ಅಳತೆಯ ಪ್ರಶ್ನೆಯೇ.

ರಾತ್ರಿಯ ರಾಜಿ

ಹಗಲಿನ ಮಂದ ಗಾಳಿಗಿಂತ ರಾತ್ರಿಯ ಮಂದ ಗಾಳಿ ಇನ್ನೂ ಕಷ್ಟ. ಸುಳಿಗಳು ಸತ್ತಂತೆ ಇರುತ್ತವೆ, ಇದ್ದಕ್ಕಿದ್ದಂತೆ ಎದ್ದು ಹತ್ತು ನಿಮಿಷ ಕಲಕಿ ಮತ್ತೆ ಮಲಗುತ್ತವೆ. ಇದನ್ನು ಒಂದು ಸೂತ್ರದಲ್ಲಿ ಹಿಡಿಯೋದು ಹೇಗೆ?

2000ದ ದಶಕದಲ್ಲಿ ಗ್ಯಾಬ್ಲ್ಸ್ ಎಂಬ ಅಂತರರಾಷ್ಟ್ರೀಯ ಯೋಜನೆಯಲ್ಲಿ ಹಲವು ಮಾಡೆಲ್‌ಗಳಿಗೆ ಒಂದೇ ಪರೀಕ್ಷೆ ಕೊಟ್ಟರು. ಉತ್ತರಧ್ರುವ ಪ್ರದೇಶದ ಒಂದು ಸ್ಥಿರ ತಣ್ಣನೆ ಪದರವನ್ನು ಲೆಕ್ಕ ಹಾಕಿ ಅಂದರು. ಸುಳಿಗಳನ್ನೇ ಬಿಡಿಸಿ ನೋಡುವ ಅತಿ ಸೂಕ್ಷ್ಮ ಮಾಡೆಲ್‌ಗಳಿಗೆ ಹೋಲಿಸಿದರೆ, ದಿನನಿತ್ಯದ ಮುನ್ಸೂಚನೆಗೆ ಬಳಸುವ ಸೂತ್ರಗಳು ಗಾಳಿಯನ್ನು ಅಗತ್ಯಕ್ಕಿಂತ ಹೆಚ್ಚು ಕಲಕುತ್ತಿದ್ದವು. ಹಾಗೆ ಕಲಕಿದರೆ ಪದರ ದಪ್ಪವಾಗುತ್ತದೆ, ನೆಲದ ಹತ್ತಿರದ ರಾತ್ರಿ ಉಷ್ಣಾಂಶ ತಪ್ಪುತ್ತದೆ.

ತಪ್ಪು ಗೊತ್ತಿದ್ದೂ ಯಾಕೆ ತಿದ್ದಲಿಲ್ಲ? ಇದನ್ನು ಓದಿದಾಗ ನನಗೂ ಸಿಟ್ಟು ಬಂತು. ಆಮೇಲೆ ಕಾರಣ ಅರ್ಥವಾಯಿತು. ಕಲಕುವುದನ್ನು ಕಡಿಮೆ ಮಾಡಿದರೆ ಕೆಲವು ರಾತ್ರಿ ನೆಲಕ್ಕೂ ಗಾಳಿಗೂ ಸಂಬಂಧವೇ ಕಡಿದುಹೋಗಿ ಮಾಡೆಲ್‌ನಲ್ಲಿ ನೆಲ ವಿಪರೀತ ತಣ್ಣಗಾಗುತ್ತದೆ. ಗಾಳಿಗೆ ನೆಲದ ಘರ್ಷಣೆ ಕಡಿಮೆಯಾಗಿ, ಸಾವಿರಾರು ಕಿ.ಮೀ. ಅಗಲದ ಚಂಡಮಾರುತಗಳು ಇರಬೇಕಾದ್ದಕ್ಕಿಂತ ಬಲವಾಗುತ್ತವೆ. ಅಂದರೆ ಊರಿನ ರಾತ್ರಿ ಸರಿಮಾಡಲು ಹೋದರೆ ಖಂಡದ ಹವಾಮಾನ ಕೆಡುತ್ತದೆ. ಹಾಗಾಗಿ ಮಾಡೆಲ್ ಕಟ್ಟುವವರು ತಿಳಿದೇ ಒಂದು ರಾಜಿ ಮಾಡಿಕೊಂಡರು. ಯುರೋಪಿನ ಕೇಂದ್ರದ ವಿಜ್ಞಾನಿಗಳು 2013ರಲ್ಲಿ ಇದನ್ನು ಮುಚ್ಚುಮರೆ ಇಲ್ಲದೆ ಬರೆದಿದ್ದಾರೆ.

ರಾಜಿ ಅನ್ನುವ ಪದ ರಾಜಕೀಯ ಓದುವವರಿಗೆ ಹೊಸದಲ್ಲ. ಇಲ್ಲಿ ರಾಜಿಯಲ್ಲಿ ಸೋತದ್ದು ನೆಲಮಟ್ಟದ ರಾತ್ರಿ.

ತಾಪಮಾಪಕ ಇಳಿದಿದೆ, ಮೈಯ ಬಿಸಿ ಏರಿದೆ

ನಮ್ಮೂರಿನ ಕಡೆ ಇನ್ನೊಂದು ಸಂಗತಿ ಇದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದಲ್ಲೆಲ್ಲ ಭತ್ತ. ನೀರು ಸಿಕ್ಕ ವರ್ಷ ಬೇಸಿಗೆ ಬೆಳೆಯೂ ಉಂಟು. ನೀರು ನಿಂತ ಗದ್ದೆಗೆ ಬಿದ್ದ ಬಿಸಿಲಿನ ಬಹುಪಾಲು ನೀರನ್ನು ಆವಿ ಮಾಡಲು ಖರ್ಚಾಗುತ್ತದೆ, ಗಾಳಿಯನ್ನು ಕಾಯಿಸಲು ಉಳಿಯೋದು ಕಡಿಮೆ. ಹಾಗಾಗಿ ತಾಪಮಾಪಕ ಕಡಿಮೆ ತೋರಿಸುತ್ತೆ. ಆದರೆ ಗಾಳಿಯಲ್ಲಿ ತೇವ ಏರುತ್ತದೆ, ಬೆವರು ಆರುವುದಿಲ್ಲ.

ಈ ಎರಡನ್ನೂ ಸೇರಿಸಿ ಹೇಳುವ ಅಳತೆಗೆ ವೆಟ್ ಬಲ್ಬ್ ಉಷ್ಣಾಂಶ ಅನ್ನುತ್ತಾರೆ. ಒದ್ದೆ ಬಟ್ಟೆ ಸುತ್ತಿದ ತಾಪಮಾಪಕ ತೋರಿಸುವ ಅಂಕಿ. 40 ಡಿಗ್ರಿ ಬಿಸಿ, ಶೇ. 20 ತೇವಾಂಶ ಇದ್ದರೆ ಅದು ಸುಮಾರು 23. 36 ಡಿಗ್ರಿ ಬಿಸಿ, ಶೇ. 50 ತೇವಾಂಶ ಇದ್ದರೆ ಸುಮಾರು 27. ಮೊದಲನೆಯ ದಿನ ಟಿವಿಯಲ್ಲಿ "40 ದಾಟಿದ ಬಿಸಿಲು" ಅಂತ ಸುದ್ದಿ. ಎರಡನೆಯ ದಿನ ಸುದ್ದಿಯೇ ಇಲ್ಲ. ಗದ್ದೆಯಲ್ಲಿ ಬಗ್ಗಿ ಕಳೆ ಕೀಳುವ ಹೆಂಗಸಿಗೆ ಎರಡನೆಯ ದಿನವೇ ಹೆಚ್ಚು ಅಪಾಯದ್ದು. ವೆಟ್ ಬಲ್ಬ್ 35 ಆದರೆ ಆರೋಗ್ಯವಂತ ದೇಹವೂ ತಣಿಯಲಾರದು ಎಂದು 2010ರಲ್ಲಿ ಲೆಕ್ಕ ಹಾಕಿದ್ದರು. 2022ರಲ್ಲಿ ಅಮೆರಿಕದಲ್ಲಿ ಆರೋಗ್ಯವಂತ ಯುವಜನರ ಮೇಲೆ ನಡೆದ ಪ್ರಯೋಗದಲ್ಲಿ, ತೇವದ ವಾತಾವರಣದಲ್ಲಿ ಹಗುರ ಚಟುವಟಿಕೆ ಮಾಡುತ್ತಿದ್ದಾಗ ಆ ಮಿತಿ ಸುಮಾರು 31ಕ್ಕೇ ಬಂತು.

ಭಾರತದ ಹವಾಮಾನ ಇಲಾಖೆಯ ವ್ಯಾಖ್ಯಾನದಲ್ಲಿ ಬಯಲು ಸೀಮೆಗೆ ಬಿಸಿಗಾಳಿ ಅನ್ನಬೇಕಾದರೆ ಗರಿಷ್ಠ ಉಷ್ಣಾಂಶ ಮೊದಲು 40 ಮುಟ್ಟಬೇಕು, ಕರಾವಳಿಗೆ 37, ಗುಡ್ಡಗಾಡಿಗೆ 30. "ಬಿಸಿ ರಾತ್ರಿ" ಎಂದು ಘೋಷಿಸಲೂ ಹಗಲು 40 ಆಗಿರಬೇಕು. 36 ಡಿಗ್ರಿಯ ಒದ್ದೆ ದಿನ ಈ ಜರಡಿಯಿಂದ ಜಾರಿಹೋಗುತ್ತದೆ. ಇನ್ನು ಜಾಗತಿಕ ಮಾಡೆಲ್‌ಗಳ ಕಡೆ ನೋಡಿದರೆ, ಅವುಗಳಲ್ಲಿ ನೀರಾವರಿಯನ್ನು ಲೆಕ್ಕಕ್ಕೆ ಸೇರಿಸಿಕೊಂಡಿರುವುದು ಕೆಲವು ಮಾತ್ರ. ಉಳಿದವುಗಳ ಕಣ್ಣಿಗೆ ಬೇಸಿಗೆಯ ಸಿಂಧನೂರು ಒಣ ನೆಲ.

ಹಾಗಾದರೆ ಮಾಡೆಲ್‌ಗಳೆಲ್ಲ ಸುಳ್ಳಾ?

ಇಲ್ಲಿಯವರೆಗೆ ಓದಿದವರಲ್ಲಿ ಒಬ್ಬರಾದರೂ "ನೋಡಿ, ವಿಜ್ಞಾನಿಗಳೇ ಒಪ್ಪಿಕೊಂಡಿದ್ದಾರೆ, ಹವಾಮಾನ ಬದಲಾವಣೆ ಬರೀ ಕಂಪ್ಯೂಟರ್ ಆಟ" ಅಂತ ಸ್ಕ್ರೀನ್‌ಶಾಟ್ ಹಾಕಬಹುದು. ದಯವಿಟ್ಟು ಇದನ್ನೂ ಸೇರಿಸಿ ಹಾಕಿ.

ಭೂಮಿ ಒಟ್ಟಾರೆ ಬಿಸಿಯಾಗುವುದು ಒಳಬರುವ ಮತ್ತು ಹೊರಹೋಗುವ ಶಕ್ತಿಯ ಲೆಕ್ಕದಿಂದ. ಅದಕ್ಕೆ ಸಿಂಧನೂರಿನ ಮಾಳಿಗೆಯ ವಿವರ ಬೇಕಿಲ್ಲ. 1967ರಲ್ಲಿ ಸ್ಯುಕುರೋ ಮನಾಬೆ ಮತ್ತು ರಿಚರ್ಡ್ ವೆದರಾಲ್ಡ್, ಇವತ್ತಿನ ಮೊಬೈಲ್‌ಗಿಂತ ದುರ್ಬಲವಾದ ಕಂಪ್ಯೂಟರ್‌ನಲ್ಲಿ, ಕಾರ್ಬನ್ ಡೈಆಕ್ಸೈಡ್ ಎರಡು ಪಟ್ಟಾದರೆ ಭೂಮಿ ಸುಮಾರು 2.3 ಡಿಗ್ರಿ ಬಿಸಿಯಾಗುತ್ತೆ ಅಂತ ಲೆಕ್ಕ ಹಾಕಿದ್ದರು. ಐಪಿಸಿಸಿಯ ಈಗಿನ ಅಂದಾಜು 3 ಡಿಗ್ರಿ, 2.5ರಿಂದ 4ರ ನಡುವೆ. ಮನಾಬೆಗೆ 2021ರಲ್ಲಿ ಭೌತವಿಜ್ಞಾನದ ನೊಬೆಲ್ ಬಂತು. 1850–1900ಕ್ಕೆ ಹೋಲಿಸಿದರೆ 2011–2020ರ ದಶಕ 1.09 ಡಿಗ್ರಿ ಬಿಸಿ, ನೆಲದ ಮೇಲೆ ಮಾತ್ರ ನೋಡಿದರೆ 1.59. ಇದು ಅಳೆದ ಸಂಖ್ಯೆ, ಮಾಡೆಲ್‌ನದ್ದಲ್ಲ.

ಈ ಅಳತೆಯಲ್ಲೂ ನೆಲಮಟ್ಟದ ಗಾಳಿಯ ಒಂದು ತೊಡಕಿದೆ. ಸಮುದ್ರದ ಮೇಲೆ ಅಳೆಯುವುದು ನೀರಿನ ಉಷ್ಣಾಂಶ, ಮಾಡೆಲ್‌ಗಳು ಕೊಡುವುದು ನೀರಿನ ಮೇಲಿನ ಎರಡು ಮೀಟರ್ ಗಾಳಿಯದ್ದು. ಎರಡೂ ಒಂದೇ ಅಲ್ಲ. ಐಪಿಸಿಸಿ ಇದನ್ನು ಪರಿಶೀಲಿಸಿ, ದೀರ್ಘಾವಧಿ ಏರಿಕೆಯಲ್ಲಿ ಎರಡರ ನಡುವಿನ ವ್ಯತ್ಯಾಸ ಹೆಚ್ಚೆಂದರೆ ಶೇ. 10 ಅಂತ ಹೇಳಿದೆ. ಭೂಮಿ ಕಾಯುತ್ತಿದೆ ಅನ್ನುವ ತೀರ್ಮಾನವನ್ನು ಅದು ಅಲುಗಿಸುವುದಿಲ್ಲ.

ಮಾಡೆಲ್ ಎಷ್ಟು ದೊಡ್ಡ ಪ್ರಶ್ನೆಗೆ ಉತ್ತರಿಸುತ್ತೋ ಅಷ್ಟು ಗಟ್ಟಿ. ಭೂಮಿ, ಖಂಡ, ದಶಕ ಅಂದರೆ ನಂಬಬಹುದು. ತಾಲ್ಲೂಕು, ರಾತ್ರಿ, ಗದ್ದೆ ಅಂದಾಗ ಪ್ರಶ್ನೆ ಕೇಳಬೇಕು. ತಪ್ಪು ಯಾವ ಕಡೆಗೆ ಇದೆ ಅನ್ನುವುದೂ ಎಲ್ಲ ಕಡೆ ಒಂದೇ ಇರಲ್ಲ. ಆದ್ದರಿಂದ "ಮಾಡೆಲ್ ತಪ್ಪಿರಬಹುದು" ಅನ್ನುವುದು ನೆಮ್ಮದಿಯ ಮಾತಲ್ಲ, ಅಪಾಯ ಹೇಳಿದ್ದಕ್ಕಿಂತ ಹೆಚ್ಚೂ ಇರಬಹುದು.

ಕೇಳಬೇಕಾದದ್ದು

"2050ಕ್ಕೆ ನಿಮ್ಮ ಜಿಲ್ಲೆ ಇಷ್ಟು ಡಿಗ್ರಿ" ಅನ್ನುವ ನಕ್ಷೆ ವಾಟ್ಸ್ಆ್ಯಪ್‌ನಲ್ಲಿ ಬಂದಾಗ ನಾನೀಗ ಕೇಳುವ ಪ್ರಶ್ನೆಗಳು ಇವು. ಚೌಕ ಎಷ್ಟು ದೊಡ್ಡದು? ಹಗಲಿನದ್ದಾ, ರಾತ್ರಿಯದ್ದಾ? ತೇವಾಂಶ ಸೇರಿದೆಯಾ? ನೀರಾವರಿ, ಕಾಂಕ್ರೀಟು ಲೆಕ್ಕದಲ್ಲಿವೆಯಾ? ಇಲ್ಲಿಯ ಅಳತೆಗೆ ಹೋಲಿಸಿ ನೋಡಿದ್ದಾರಾ? ಸರ್ಕಾರಗಳು ಜಿಲ್ಲಾ ಮಟ್ಟದ ಬಿಸಿಗಾಳಿ ಯೋಜನೆ ಮಾಡುವಾಗಲೂ ಇದೇ ಪ್ರಶ್ನೆಗಳನ್ನು ಸಾರ್ವಜನಿಕವಾಗಿ ಉತ್ತರಿಸಬೇಕು.

ಅಳತೆಯ ವಿಷಯದಲ್ಲಿ ಕರ್ನಾಟಕ ಬರಿಗೈಯಲ್ಲಿಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಹವಾಮಾನ ಕೇಂದ್ರಗಳು ಹೋಬಳಿ ಮಟ್ಟದಲ್ಲಿವೆ, ಮಳೆಮಾಪಕಗಳು ಗ್ರಾಮ ಪಂಚಾಯ್ತಿ ಮಟ್ಟದಲ್ಲಿವೆ. ಇದು ದೊಡ್ಡ ಆಸ್ತಿ. ಆದರೆ ಇವು ಉಷ್ಣಾಂಶ ಎಷ್ಟಿದೆ ಅಂತ ಹೇಳುತ್ತವೆ, ಅದು ಹಾಗೆ ಯಾಕಾಯಿತು ಅಂತ ಹೇಳುವುದಿಲ್ಲ. ಅದಕ್ಕೆ ಸೆಕೆಂಡಿಗೆ ಹತ್ತಿಪ್ಪತ್ತು ಸಲ ಗಾಳಿಯ ಸುಳಿಗಳನ್ನು ಅಳೆಯುವ, ನೆಲದಿಂದ ಎಷ್ಟು ಶಾಖ, ಎಷ್ಟು ಆವಿ ಮೇಲಕ್ಕೆ ಹೋಯಿತು ಅಂತ ಲೆಕ್ಕ ಕೊಡುವ ಫ್ಲಕ್ಸ್ ಕಂಬಗಳು ಬೇಕು. 2016ರಲ್ಲಿ ಭಾರತ ಮತ್ತು ಬ್ರಿಟನ್ ಜೊತೆಯಾಗಿ ನಡೆಸಿದ ಇನ್‌ಕಂಪಾಸ್ ಯೋಜನೆಯಲ್ಲಿ ಅಂಥ ಕಂಬಗಳು ಧಾರವಾಡದಲ್ಲೂ ಗುಂಡ್ಲುಪೇಟೆ ಕಡೆಯ ಬೇರಂಬಾಡಿಯಲ್ಲೂ ನಿಂತವು. ಒಂದು ಕಪ್ಪುಮಣ್ಣಿನ ಸೀಮೆ, ಇನ್ನೊಂದು ಬೋರ್‌ವೆಲ್ ನೀರಾವರಿಯ ಸೀಮೆ. ಕಾನ್ಸಾಸ್‌ನ ಗೋಧಿ ಹೊಲದ ಪಕ್ಕದಲ್ಲಿ ಈಗ ನಮ್ಮ ಹೊಲಗಳಿಗೂ ಲೆಕ್ಕದಲ್ಲಿ ಒಂದಿಷ್ಟು ಜಾಗ ಸಿಕ್ಕಿದೆ. ತುಂಗಭದ್ರೆಯ ಭತ್ತದ ಗದ್ದೆಗೆ, ಕರಾವಳಿಗೆ, ಬೆಂಗಳೂರಿನ ಕಾಂಕ್ರೀಟಿಗೆ ಅಂಥ ಕಂಬಗಳು ವರ್ಷಗಟ್ಟಲೆ ನಿಲ್ಲಬೇಕು, ಅವುಗಳ ಅಂಕಿಗಳು ಯಾರು ಬೇಕಾದರೂ ಇಳಿಸಿಕೊಳ್ಳುವಂತಿರಬೇಕು. ಪ್ರಾಜೆಕ್ಟ್ ಮುಗಿದ ಮೇಲೆ ಕಂಬದ ಬ್ಯಾಟರಿ ಬದಲಿಸಲು ದುಡ್ಡಿಲ್ಲ ಅನ್ನುವ ಸ್ಥಿತಿ ಬರಬಾರದು. ಸೂಪರ್‌ಕಂಪ್ಯೂಟರ್ ಉದ್ಘಾಟನೆಗೆ ಮಂತ್ರಿಗಳು ಬರುತ್ತಾರೆ, ಕಂಬದ ರಿಪೇರಿಗೆ ಯಾರೂ ರಿಬ್ಬನ್ ಕತ್ತರಿಸುವುದಿಲ್ಲ.

ಕಂಬ ನೆಟ್ಟು, ಅಳೆದು, ಸೂತ್ರ ತಿದ್ದುವವರೆಗೆ ಕಾಯಬೇಕಾದ್ದಿಲ್ಲದ ಕೆಲಸಗಳೂ ಇವೆ. ತೇವಾಂಶ ಮತ್ತು ರಾತ್ರಿಯನ್ನು ಬಿಸಿಗಾಳಿಯ ವ್ಯಾಖ್ಯಾನದೊಳಗೆ ತರುವುದು, ನರೇಗಾ ಮತ್ತು ಗದ್ದೆ ಕೆಲಸದ ಹೊತ್ತನ್ನು ಅದರಂತೆ ಬದಲಿಸುವುದು, ಕೆಲಸ ನಿಂತ ಹೊತ್ತಿನ ಕೂಲಿ ಕಡಿತ ಮಾಡದಿರುವುದು. ಇವಕ್ಕೆ ಬೇಕಾದಷ್ಟು ವಿಜ್ಞಾನ ಈಗಾಗಲೇ ಇದೆ.

ಮೊನ್ನೆ ಊರಿಗೆ ಹೋದಾಗ ಹತ್ತಿರದ ಅಂಗಡಿಯಲ್ಲಿ ಒಂದು ಸಾದಾ ಥರ್ಮಾಮೀಟರ್ ತಗೊಂಡು ಹೋಗಿದ್ದೆ. ರಾತ್ರಿ ಹತ್ತಕ್ಕೆ ಆ್ಯಪ್ 28 ತೋರಿಸುತ್ತಿತ್ತು. ಮಾಳಿಗೆಯ ಮೇಲೆ ಅವ್ವನ ಹಾಸಿಗೆಯ ಪಕ್ಕ ಇಟ್ಟರೆ 31. ದಿನವಿಡೀ ಕಾದ ಆರ್‌ಸಿಸಿ ಆಗಲೂ ಬೆಚ್ಚಗಿತ್ತು. ಒಂದು ಅಗ್ಗದ ಥರ್ಮಾಮೀಟರಿನಿಂದ ಏನೂ ಸಾಬೀತಾಗುವುದಿಲ್ಲ ಅಂತ ನನಗೆ ಗೊತ್ತು. ಅವ್ವನಿಗೆ ಮಾತ್ರ ಅದು ಸಾಕಾಯಿತು. "ಈಗ ಬರಕೋ" ಅಂದಳು.